ಹಗುರ ಬೀಡಿನ ಹಂಚು: ತೂಕ ಎಷ್ಟು ಅನ್ನೋದಲ್ಲ, ತೂಕ ಎಲ್ಲಿದೆ ಅನ್ನೋದು ನೋಡಿ

ಪ್ರಶ್ನೆ: "ನಮ್ಮದು ದಾವಣಗೆರೆ. ಮನೆಯಲ್ಲಿ ಅತ್ತೆಯವರ ಕಾಲದ ಬೀಡಿನ (ಎರಕದ ಕಬ್ಬಿಣದ) ದೋಸೆ ಹಂಚು ಇದೆ, ಎರಡು ಕೈಲಿ ಎತ್ತೋದೂ ಕಷ್ಟ. ನನಗೆ ಮಣಿಕಟ್ಟು ನೋವು. ಅದಕ್ಕೆ ಹೋದ ತಿಂಗಳು ಉದ್ದ ಹಿಡಿ ಇರುವ, ಸುತ್ತ ಅಂಚು ಎದ್ದಿರುವ ಹಗುರ ಬೀಡಿನ ಸ್ಕಿಲೆಟ್ ತರಿಸಿದೆ. 10 ಇಂಚು, 1.4 ಕೆಜಿ. ಮೊದಲ ದೋಸೆ ಚೆನ್ನಾಗಿ ಏಳುತ್ತೆ. ಎರಡನೆಯದು ಅಂಟಿಕೊಳ್ಳುತ್ತೆ. ಉರಿ ಜಾಸ್ತಿ ಮಾಡಿದರೆ ಮೂರನೆಯದು ನಡುವೆ ಸೀದು ಅಂಚಲ್ಲಿ ಬೆಳ್ಳಗೇ ಉಳಿಯುತ್ತೆ. ಬದನೆಕಾಯಿ ಎಣ್ಣೆಗಾಯಿ ಮಾಡಿದರೆ ಕಪ್ಪಾಗಿ, ಒಂಥರಾ ಕಬ್ಬಿಣದ ರುಚಿ ಬಂತು. ಪಕ್ಕದ ಮನೆಯವರ ಇಂಥದ್ದೇ ಪಾತ್ರೆ ಇಂಡಕ್ಷನ್ ಮೇಲೆ ಸೀಳಿಬಿಟ್ಟಿದೆ. ಅತ್ತೆ ನೋಡಿ, ಇಷ್ಟು ಹಗುರ ಇದ್ದರೆ ಇದು ಬೀಡೇ ಅಲ್ಲ, ತಗಡು ಅಂತಾರೆ. ಮಗಳಿಗೆ ಹಿಮೋಗ್ಲೋಬಿನ್ ಕಡಿಮೆ ಇದೆ, ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಸರಿಹೋಗುತ್ತೆ ಅಂತಲೂ ಕೇಳಿದ್ದೆ. ಇಟ್ಟುಕೊಳ್ಳಲೋ, ವಾಪಸ್ ಕಳಿಸಲೋ?"

ಉತ್ತರ:

ಇಟ್ಟುಕೊಳ್ಳಿ. ಆದರೆ ಅದರಲ್ಲಿ ದೋಸೆ ಮಾಡೋದು ಬಿಡಿ, ಅಥವಾ ಮಾಡುವ ರೀತಿ ಬದಲಿಸಿ. ನಿಮ್ಮ ಪಾತ್ರೆ ಕೆಟ್ಟದ್ದು ಅಂತ ನನಗೆ ಅನಿಸುತ್ತಿಲ್ಲ. ಅದಕ್ಕೆ ಬೇರೆಯವರ ಕೆಲಸ ಕೊಟ್ಟಿದ್ದೀರಿ, ಅಷ್ಟೇ.

ನಾನು ಅಡುಗೆಯವನಲ್ಲ, ಎರಕದ ಕೆಲಸದವನು. ಹರಿಹರದ ಕಡೆ ಬೆಳೆದವರಿಗೆ ಬೀಡು ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಮಷೀನುಗಳಿಂದಲೇ (ಲೋಹ ಕಡೆಯುವ ಯಂತ್ರಗಳು) ಊರಿಗೆ ಹೆಸರು ಬಂದಿದ್ದು, ಲೇತಿನ ಆ ಭಾರದ ಬೆಡ್, ಅಂದರೆ ಪೀಠ, ಇರುತ್ತಲ್ಲ, ಅದೂ ನಿಮ್ಮ ಹಂಚೂ ಒಂದೇ ಜಾತಿಯ ಲೋಹ. ಹಾಗಾಗಿ ಹಂಚಿನ ಪ್ರಶ್ನೆ ಬಂದಾಗ ನಾನು ಮೊದಲು ಅಚ್ಚಿನ ಕಡೆಯಿಂದ ಯೋಚಿಸುತ್ತೇನೆ.

ಮೊದಲು ಅತ್ತೆಯವರ ಅನುಮಾನ. ಹಗುರ ಅಂದ ಮಾತ್ರಕ್ಕೆ ತಗಡು ಅಲ್ಲ. ಬೀಡು ಅಂದರೆ ಶೇಕಡಾ 2ರಿಂದ 4ರಷ್ಟು ಇಂಗಾಲ ಇರುವ ಕಬ್ಬಿಣ, ಕರಗಿಸಿ ಮರಳಿನ ಅಚ್ಚಿಗೆ ಹೊಯ್ದಿದ್ದು. ತಗಡಿನ ಹಂಚು ಅಂದರೆ ಇಂಗಾಲ ತುಂಬಾ ಕಡಿಮೆ ಇರುವ ಉಕ್ಕಿನ ಹಾಳೆಯನ್ನು ಕತ್ತರಿಸಿ ಒತ್ತಿದ್ದು. ಅಯಸ್ಕಾಂತ ಎರಡಕ್ಕೂ ಅಂಟುತ್ತೆ, ಅದರಿಂದ ಗೊತ್ತಾಗೋದಿಲ್ಲ. ಹಿಡಿ ನೋಡಿ. ಹಿಡಿಯೂ ಪಾತ್ರೆಯೂ ಒಂದೇ ತುಂಡಾಗಿ ಬಂದಿದ್ದರೆ, ಹಿಂಬದಿ ಸ್ವಲ್ಪ ಮರಳು ಮರಳಾಗಿದ್ದರೆ, ಅದು ಎರಕ. ಹಿಡಿಗೆ ರಿವೆಟ್ ಹೊಡೆದಿದ್ದರೆ ಅಥವಾ ವೆಲ್ಡ್ ಮಾಡಿದ್ದರೆ, ಮೈ ಎಲ್ಲಾ ಕಡೆ ಒಂದೇ ದಪ್ಪದ ಹಾಳೆಯಂತಿದ್ದರೆ, ಬಹುತೇಕ ತಗಡು. ಬೀಡು ಬಗ್ಗೋದಿಲ್ಲ, ಒಡೆಯುತ್ತೆ. ತಗಡು ಒಡೆಯೋದಿಲ್ಲ, ಸೊಟ್ಟಗಾಗುತ್ತೆ.

ತೆಳು ಬೀಡು ಹೊಸ ಸಂಗತಿಯೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಈರಿ ಅನ್ನೋ ಊರಿದೆ, ಅಲ್ಲಿಯ ಗ್ರಿಸ್ವೋಲ್ಡ್ ಕಂಪನಿಯ ಹಳೇ ಸ್ಕಿಲೆಟ್‌ಗಳು ಇವತ್ತಿನ ಮಾಮೂಲಿ ಬೀಡಿನ ಪಾತ್ರೆಗಿಂತ ತೆಳುವಾಗಿ, ನುಣುಪಾಗಿ ಇವೆ ಅಂತಲೇ ಜನ ಹುಡುಕಿ ಕೊಳ್ಳುತ್ತಾರೆ.

ಆದರೆ ತೆಳುವಾಗಿ ಹೊಯ್ಯೋದು ಕಷ್ಟದ ಕೆಲಸ. ಕರಗಿದ ಬೀಡು ಸುಮಾರು 1300 ಡಿಗ್ರಿಗಿಂತ ಮೇಲೆ ಇರುತ್ತೆ. ದಪ್ಪ ಅಚ್ಚಿನಲ್ಲಿ ನಿಧಾನಕ್ಕೆ ಆರುತ್ತೆ, ಇಂಗಾಲಕ್ಕೆ ಗ್ರಾಫೈಟ್ ಪದರಗಳಾಗಿ ಬೇರೆ ಆಗೋಕೆ ಸಮಯ ಸಿಗುತ್ತೆ, ಬೂದು ಬಣ್ಣದ ಒಳ್ಳೇ ಬೀಡು ಸಿಗುತ್ತೆ. ತೆಳು ಅಚ್ಚಿನಲ್ಲಿ ಬೇಗ ಆರಿದರೆ ಆ ಇಂಗಾಲ ಕಬ್ಬಿಣದ ಜತೆಗೇ ಸೇರಿಕೊಂಡು ಬಿಳಿ ಬೀಡಾಗುತ್ತೆ. ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಅದಕ್ಕೆ 'ಚಿಲ್ ಆಯ್ತು' ಅಂತೇವೆ. ಬಿಳಿ ಬೀಡು ವಿಪರೀತ ಗಟ್ಟಿ, ಅಷ್ಟೇ ಬೇಗ ಸೀಳುತ್ತೆ. ಇದನ್ನು ತಪ್ಪಿಸೋಕೆ ಸಿಲಿಕಾನ್ ಪ್ರಮಾಣ ಸರಿ ಇಡಬೇಕು, ಹೊಯ್ಯುವ ಬಿಸಿ ಸರಿ ಇರಬೇಕು, ಅಚ್ಚಿನಿಂದ ಬೇಗ ಬಿಚ್ಚಬಾರದು. ಇಷ್ಟು ಎಚ್ಚರ ವಹಿಸುವ ಫೌಂಡ್ರಿಯ ತೆಳು ಪಾತ್ರೆ ಚೆನ್ನಾಗಿ ಬಾಳುತ್ತೆ. ಸಿಕ್ಕ ಗುಜರಿ ಕರಗಿಸಿ ಗಡಿಬಿಡಿಯಲ್ಲಿ ಹೊಯ್ದಿದ್ದು ಬಾಳೋದಿಲ್ಲ. ದಪ್ಪ ಹಂಚಿನಲ್ಲಿ ಎರಕದವನ ತಪ್ಪು ಎಷ್ಟೋ ಮುಚ್ಚಿಹೋಗುತ್ತೆ, ತೆಳುವಿನಲ್ಲಿ ಮುಚ್ಚೋದಿಲ್ಲ.

ಈಗ ನಿಮ್ಮ ಎರಡನೇ ದೋಸೆಗೆ ಬರೋಣ, ವಿಷಯ ಇರೋದೇ ಅಲ್ಲಿ.

ಬೀಡು ಎಲ್ಲಾ ಕಡೆ ಸಮವಾಗಿ ಕಾಯುತ್ತೆ ಅನ್ನೋ ಮಾತು ತುಂಬಾ ಓಡಾಡುತ್ತೆ. ನಿಜ ಅಲ್ಲ. ಬಿಸಿ ಹರಡೋದರಲ್ಲಿ ಅಲ್ಯುಮಿನಿಯಂ ಬೀಡಿಗಿಂತ ಸುಮಾರು ನಾಲ್ಕು ಪಟ್ಟು ಮುಂದೆ. ಬೀಡಿನ ಶಕ್ತಿ ಬೇರೆ: ಒಮ್ಮೆ ಕಾದರೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಆ ಶಕ್ತಿ ಬರೋದು ತೂಕದಿಂದಲೇ. ತೂಕ ಇಳಿಸಿದರೆ ಹಿಡಿದಿಡುವ ಬಿಸಿಯೂ ಅಷ್ಟೇ ಇಳಿಯುತ್ತೆ, ಇದರಲ್ಲಿ ಯಾವ ಕಂಪನಿಯ ಜಾಣತನವೂ ನಡೆಯೋದಿಲ್ಲ.

ಲೆಕ್ಕ ಹಾಕಿ ನೋಡೋಣ. 10 ಇಂಚು ಅಗಲ, 2.5 ಮಿಲಿಮೀಟರ್ ದಪ್ಪ ಅಂದುಕೊಂಡರೆ ನಿಮ್ಮ ಪಾತ್ರೆಯ ತಳದ ತೂಕ ಹತ್ತಿರ ಹತ್ತಿರ 900 ಗ್ರಾಂ. ಉಳಿದ ಅರ್ಧ ಕೆಜಿ ಸುತ್ತಲಿನ ಗೋಡೆಯಲ್ಲಿ, ಹಿಡಿಯಲ್ಲಿ ಇದೆ. ಅದು ದೋಸೆಯ ಕೆಳಗೆ ಬರೋದಿಲ್ಲ. 200 ಡಿಗ್ರಿಗೆ ಕಾದ ಆ ತಳದ ಮೇಲೆ ದೊಡ್ಡ ಸೌಟಿನಲ್ಲಿ 100 ಗ್ರಾಂ ಹಿಟ್ಟು ಹಾಕಿದರೆ, ಉರಿಯನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ, ಹಿಟ್ಟು ಕುದಿಯುವ ಬಿಸಿಗೆ ಬರುವಷ್ಟರಲ್ಲಿ ತಳ ಸುಮಾರು 60 ಡಿಗ್ರಿ ಇಳಿದಿರುತ್ತೆ. ಅತ್ತೆಯವರ ಹಂಚು 12 ಇಂಚು, 6 ಮಿಲಿಮೀಟರ್ ದಪ್ಪ ಇದ್ದರೆ ತಳವೇ 3 ಕೆಜಿ. ಅದೇ ಹಿಟ್ಟಿಗೆ ಅದು ಇಳಿಯೋದು 20 ಡಿಗ್ರಿಯೊಳಗೆ. ಆಮೇಲೆ ದೋಸೆಯ ನೀರೆಲ್ಲಾ ಆವಿಯಾಗಿ ಹೋಗೋಕೆ ಇನ್ನೂ ಬಿಸಿ ಬೇಕು, ಅದನ್ನು ಉರಿಯೇ ಕೊಡಬೇಕು.

ಅಂದರೆ ನಿಮ್ಮ ಮೊದಲ ದೋಸೆ ಏಳೋದು ಪಾತ್ರೆ ಕೂಡಿಟ್ಟ ಬಿಸಿಯಿಂದ. ಅದನ್ನು ತೆಗೆದ ತಕ್ಷಣ ಎರಡನೆಯದು ಹಾಕುತ್ತೀರಿ, ಪಾತ್ರೆ ಇನ್ನೂ ಚೇತರಿಸಿಕೊಂಡಿಲ್ಲ, ಹಿಟ್ಟು ಹಸಿಯಾಗೇ ಲೋಹಕ್ಕೆ ಹತ್ತಿಕೊಳ್ಳುತ್ತೆ. ಸಿಟ್ಟಿಗೆ ಉರಿ ಜಾಸ್ತಿ ಮಾಡುತ್ತೀರಿ. ತೆಳು ತಳ, ಬಿಸಿ ಪಕ್ಕಕ್ಕೆ ಹರಡೋದು ನಿಧಾನ. ಬರ್ನರಿನ ಬಳೆ ಇರುವಷ್ಟು ಜಾಗ ಸೀಯುತ್ತೆ, ಅಂಚು ಬೆಳ್ಳಗೆ ಉಳಿಯುತ್ತೆ. ನೀವು ಬರೆದಿದ್ದೂ ಅದನ್ನೇ ಅಲ್ವಾ?

ನಮ್ಮ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಸೌದೆ ಒಲೆಯ ಮೇಲಿನ ಹಂಚು ನೋಡಿ. ದಪ್ಪಗಿರುತ್ತೆ, ಯಾರೂ ಅದನ್ನು ಎತ್ತೋದಿಲ್ಲ. ಒಂದರ ಹಿಂದೆ ಒಂದು ದೋಸೆ ಬೀಳುತ್ತಿದ್ದರೂ ಬಿಸಿ ಅಲ್ಲಾಡೋದಿಲ್ಲ. ಮಂಡಕ್ಕಿ ಸೇರಿಸಿ ರುಬ್ಬಿದ ಆ ಹಿಟ್ಟಿಗೆ, ಮೇಲೆ ಬೀಳುವ ಅಷ್ಟು ಬೆಣ್ಣೆಗೆ, ಅಂಥ ಸ್ಥಿರವಾದ ಬಿಸಿ ಬೇಕು. 1.4 ಕೆಜಿ ಸ್ಕಿಲೆಟ್‌ನಿಂದ ಅದನ್ನು ಕೇಳೋದು ನ್ಯಾಯ ಅಲ್ಲ.

ಹಾಗಂತ ಮಣಿಕಟ್ಟು ನೋವು ಇಟ್ಟುಕೊಂಡು ಭಾರ ಹೊರಿ ಅಂತ ನಾನು ಹೇಳೋದಿಲ್ಲ. ಇಲ್ಲೊಂದು ದಾರಿ ಇದೆ. ಗೋಡೆ ಇಲ್ಲದ ಚಪ್ಪಟೆ ದೋಸೆ ಹಂಚು, ಅದೇ 10 ಇಂಚು, 4 ಮಿಲಿಮೀಟರ್ ದಪ್ಪ ಆದರೆ ತೂಕ ಎಷ್ಟು ಗೊತ್ತಾ? ಹಿಡಿ ಬಿಟ್ಟು ಸುಮಾರು 1.4 ಕೆಜಿ. ನಿಮ್ಮ ಸ್ಕಿಲೆಟ್‌ನಷ್ಟೇ! ಆದರೆ ಆ ತೂಕ ಪೂರ್ತಿ ದೋಸೆಯ ಕೆಳಗೆ ಇದೆ. ಬಿಸಿ 60ರ ಬದಲು 40 ಡಿಗ್ರಿಯಷ್ಟು ಇಳಿಯುತ್ತೆ. ಸಟ್ಟುಗ ಆಡಿಸೋಕೆ ಅಂಚಿನ ತೊಂದರೆಯೂ ಇಲ್ಲ. ಕೊಳ್ಳುವವರು ಬರೀ ಒಟ್ಟು ತೂಕ ಕೇಳಿ ತಪ್ಪು ಮಾಡೋದು ಇಲ್ಲೇ. ತೂಕ ಎಲ್ಲಿದೆ ಅಂತ ನೋಡಬೇಕು.

ಸ್ಕಿಲೆಟ್‌ನಲ್ಲೇ ದೋಸೆ ಮಾಡಬೇಕು ಅಂದರೆ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ನಡುನಡುವೆ ಪಾತ್ರೆಯನ್ನು ಸ್ವಲ್ಪ ತಿರುಗಿಸಿ. ಫ್ರಿಜ್ಜಿನ ಹಿಟ್ಟನ್ನು ಮೊದಲೇ ಹೊರಗಿಡಿ, ತಣ್ಣನೆ ಹಿಟ್ಟು ಬಿಸಿಯನ್ನು ಇನ್ನೂ ಜಾಸ್ತಿ ಎಳೆಯುತ್ತೆ. ಸೌಟು ಚಿಕ್ಕದಿರಲಿ. ಒಂದು ದೋಸೆ ತೆಗೆದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಖಾಲಿ ಬಿಡಿ, ಆಮೇಲೆ ಈರುಳ್ಳಿ ಹೋಳನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಹಿಟ್ಟು ಹಾಕಿ. ಬೆಣ್ಣೆಯನ್ನು ಮೊದಲೇ ಹಂಚಿಗೆ ಸವರಬೇಡಿ. ಬೆಣ್ಣೆಯಲ್ಲಿ ಸುಮಾರು ಶೇಕಡಾ 16 ನೀರು, ಜತೆಗೆ ಹಾಲಿನ ಅಂಶ ಇರುತ್ತೆ. ಆ ಹಾಲಿನ ಅಂಶ ತೆಳು ಹಂಚಿನಲ್ಲಿ ಬೇಗ ಸೀದು ದೋಸೆಯನ್ನು ಹಿಡಿದುಕೊಳ್ಳುತ್ತೆ. ಹಿಟ್ಟು ಹರಡಿದ ಮೇಲೆ ದೋಸೆ ಮೇಲೆ, ಸುತ್ತ ಹಾಕಿ. ಇಷ್ಟು ಮಾಡಿದರೆ ಇಬ್ಬರಿಗೆ ದೋಸೆ ಆರಾಮಾಗಿ ಆಗುತ್ತೆ. ಮನೆ ತುಂಬಾ ನೆಂಟರು ಬಂದ ದಿನ ಅತ್ತೆಯವರ ಹಂಚೇ ಸರಿ.

ತೆಳು ಪಾತ್ರೆಗೆ ಅದರದೇ ಗುಣ ಇದೆ, ಅದನ್ನೂ ಹೇಳಬೇಕು. ಬೇಗ ಕಾಯುತ್ತೆ, ಉರಿ ಇಳಿಸಿದರೆ ಬೇಗ ತಣಿಯುತ್ತೆ. ಆಮ್ಲೆಟ್, ಚಪಾತಿ, ಬೆಂಡೆಕಾಯಿ ಪಲ್ಯ, ಶೇಂಗಾ ಹುರಿಯೋದು, ಒಗ್ಗರಣೆ, ಮಂಡಕ್ಕಿಗೆ ಖಾರ ಹಚ್ಚೋದು, ಇಂಥದ್ದಕ್ಕೆಲ್ಲಾ ಇದು ದಪ್ಪ ಹಂಚಿಗಿಂತ ಮೇಲು. ಶೇಂಗಾ ಹದಕ್ಕೆ ಬಂದಾಗ ಉರಿ ಆರಿಸಿದರೆ ದಪ್ಪ ಬಾಣಲೆಯಲ್ಲಿ ಹುರಿಯೋದು ನಿಲ್ಲೋದೇ ಇಲ್ಲ. ಇದರಲ್ಲಿ ನಿಲ್ಲುತ್ತೆ. ಜೋಳದ ರೊಟ್ಟಿಗೆ ಮಾತ್ರ ಇದು ಬೇಡ. ರೊಟ್ಟಿ ಹಾಕೋಕೆ, ನೀರು ಸವರೋಕೆ, ತಿರುವೋಕೆ ಗೋಡೆ ಅಡ್ಡ ಬರುತ್ತೆ, ಸುಮ್ನೆ ಕೈ ಸುಟ್ಟುಕೊಳ್ಳುತ್ತೀರಿ.

ಪಳಗಿಸೋದರ ಬಗ್ಗೆ. ಹಂಚು ಪಳಗೋದು ಅಂದರೆ ಎಣ್ಣೆ ಲೋಹದ 'ರಂಧ್ರ'ದೊಳಗೆ ಇಳಿಯೋದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ತೆಳ್ಳಗೆ ಸವರಿದ ಎಣ್ಣೆ ಬಿಸಿಗೆ, ಗಾಳಿಗೆ ಗಟ್ಟಿಯಾಗಿ ಮೇಲ್ಮೈಗೆ ಒಂದು ಪೊರೆ ಕಟ್ಟುತ್ತೆ. ಎಲ್ಲಾ ಎಣ್ಣೆಯೂ ಒಂದೇ ಥರ ಪೊರೆ ಕಟ್ಟೋದಿಲ್ಲ. ಕೊಬ್ಬರಿ ಎಣ್ಣೆ, ತುಪ್ಪ ಇದಕ್ಕೆ ಅಷ್ಟು ಒಳ್ಳೆಯದಲ್ಲ. ನಮ್ಮ ಕಡೆ ಕೈಗೆ ಸಿಗುವ ಕುಸುಬೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ಒಳ್ಳೆಯವು. ಅಗಸೆ ಎಣ್ಣೆ ಬೇಗ ಗಟ್ಟಿ ಪೊರೆ ಕಟ್ಟುತ್ತೆ, ಆದರೆ ಆ ಪೊರೆ ಪುಡಿಪುಡಿಯಾಗಿ ಏಳುವ ಅಭ್ಯಾಸ ಜಾಸ್ತಿ. ಚಳ್ಳಕೆರೆಯ ಶೇಂಗಾ ಎಣ್ಣೆ ಮನೆಯಲ್ಲಿದ್ದರೆ ಅದರಲ್ಲೂ ಆಗುತ್ತೆ, ಒಂದೆರಡು ಸುತ್ತು ಹೆಚ್ಚಿಗೆ ಬೇಕು.

ಮಾಡುವ ವಿಧಾನ: ತೊಳೆದು, ಉರಿಯ ಮೇಲೆ ಪೂರ್ತಿ ಒಣಗಿಸಿ. ಬೆಚ್ಚಗಿರುವಾಗ ಒಳಗೂ ಹೊರಗೂ ಎಣ್ಣೆ ಸವರಿ, ಆಮೇಲೆ ಒಣ ಬಟ್ಟೆಯಲ್ಲಿ ಎಣ್ಣೆಯೇ ಇಲ್ಲ ಅನ್ನುವಷ್ಟು ಒರೆಸಿ. ಎಲ್ಲರೂ ತಪ್ಪೋದು ಇಲ್ಲೇ, ಎಣ್ಣೆ ಜಾಸ್ತಿ ಬಿಟ್ಟರೆ ಜಿಗುಟಾಗುತ್ತೆ, ಅದರ ಮೇಲೆ ದೋಸೆ ಇನ್ನೂ ಅಂಟುತ್ತೆ. ಕಿಟಕಿ ತೆಗೆದು, ಮಧ್ಯಮ ಉರಿಯಲ್ಲಿ ಸಣ್ಣಗೆ ಹೊಗೆ ಬರುವ ತನಕ ಕಾಯಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆರಿಸಿ. ಮೂರು ನಾಲ್ಕು ಸಲ. ತೆಳು ಪಾತ್ರೆಯನ್ನು ಖಾಲಿ ಇಟ್ಟು ದೊಡ್ಡ ಉರಿಯಲ್ಲಿ ಮರೆತರೆ ಕಟ್ಟಿದ ಪೊರೆಯೇ ಸುಟ್ಟು ಬೂದಿ ಬಣ್ಣಕ್ಕೆ ತಿರುಗುತ್ತೆ. ಗಾಬರಿ ಬೇಡ, ಮತ್ತೆ ಪಳಗಿಸಿದರಾಯಿತು.

ಸೋಪು ಹಾಕಬಾರದು ಅನ್ನೋದು ಹಳೇ ಕಾಲದ ಮಾತು, ಆಗಿನ ಸೋಪಿನಲ್ಲಿ ಕಾಸ್ಟಿಕ್ ಉಳಿದಿರುತ್ತಿತ್ತು, ಪೊರೆ ತಿನ್ನುತ್ತಿತ್ತು. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಮೆತ್ತನೆ ನಾರಿನಲ್ಲಿ ತೊಳೆದರೆ ಏನೂ ಆಗೋದಿಲ್ಲ. ಹಾಳು ಮಾಡೋದು ರಾತ್ರಿಯೆಲ್ಲಾ ಸಿಂಕಿನಲ್ಲಿ ನೆನೆಹಾಕೋದು. ತೊಳೆದ ತಕ್ಷಣ ಒಲೆ ಮೇಲೆ ಒಂದೆರಡು ನಿಮಿಷ ಇಟ್ಟು ಒಣಗಿಸಿ. ಕಬ್ಬಿಣದ ಸಟ್ಟುಗ ಧಾರಾಳವಾಗಿ ಬಳಸಿ.

ಸೀಳುವ ಭಯ. ಇದು ಸುಳ್ಳು ಭಯ ಅಲ್ಲ, ತೆಳು ಬೀಡಿಗೆ ಇರುವ ನಿಜವಾದ ಅಪಾಯ ಇದೇ. ಮನೆಯ ಇಂಡಕ್ಷನ್ ಒಲೆಯ ಕಾಯಿಲ್ ಚಿಕ್ಕದು. ಶುರುವಿನಲ್ಲೇ ಪೂರ್ತಿ ಪವರ್ ಕೊಟ್ಟರೆ ನಡುಭಾಗ ಒಂದೇ ಸಲಕ್ಕೆ ಕಾದು ಹಿಗ್ಗುತ್ತೆ, ಅಂಚು ಇನ್ನೂ ತಣ್ಣಗೇ ಇರುತ್ತೆ, ಹಿಗ್ಗೋಕೆ ಬಿಡೋದಿಲ್ಲ. ಆ ಎಳೆತ ತಡೆಯದೆ ಅಂಚಿನಿಂದ ಒಳಗೆ ಸೀಳುತ್ತೆ. ಪಕ್ಕದ ಮನೆಯವರದ್ದು ಹೀಗೇ ಆಗಿರುವ ಸಂಭವ ಜಾಸ್ತಿ. ಇಂಡಕ್ಷನ್ ಬಳಸಲೇಬೇಕಾದರೆ ಮೊದಲ ಐದು ನಿಮಿಷ ಅತಿ ಕಡಿಮೆ ಪವರ್, ಆಮೇಲೆ ಒಂದೊಂದೇ ಮೆಟ್ಟಿಲು ಏರಿಸಿ. ನಾನಾದರೆ ಗ್ಯಾಸೇ ಬಳಸುತ್ತೇನೆ. ಸುಡುವ ಪಾತ್ರೆಯನ್ನು ನಲ್ಲಿ ಕೆಳಗೆ ಹಿಡಿಯಬೇಡಿ. ದೋಸೆ ಹುಯ್ಯುವ ಮುಂಚೆ ಕೈಯಿಂದ ಚಿಮುಕಿಸುವ ನೀರು ಪರವಾಗಿಲ್ಲ, ಚೊಂಬು ನೀರು ಸುರಿಯೋದು ಬೇಡ.

ಬಿರುಕು ಇದೆಯಾ ಅಂತ ನೋಡೋಕೆ, ತಣ್ಣಗಿರುವ ಪಾತ್ರೆಯನ್ನು ಹಿಡಿಯಲ್ಲಿ ತೂಗುಹಾಕಿ ಚಮಚದಿಂದ ತಟ್ಟಿ. ಗಟ್ಟಿ ಬೀಡು ಸ್ವಲ್ಪ ಹೊತ್ತು ನಾದ ಕೊಡುತ್ತೆ, ಬಿರುಕು ಬಿಟ್ಟಿದ್ದು 'ದಡ್' ಅಂತ ಸತ್ತ ಸದ್ದು ಮಾಡುತ್ತೆ. ಅನುಮಾನ ಇದ್ದರೆ ಫೌಂಡ್ರಿಯ ಇನ್ನೊಂದು ಉಪಾಯ: ತೆಳು ಎಣ್ಣೆ ಸವರಿ, ಸ್ವಲ್ಪ ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿನೊಳಗೆ ಉಳಿದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಮೂಡಿಸುತ್ತೆ. ನಾವು ಸೀಮೆಎಣ್ಣೆ ಬಳಸುತ್ತೇವೆ, ಅಡುಗೆ ಪಾತ್ರೆಗೆ ಅಡುಗೆ ಎಣ್ಣೆಯೇ ಸಾಕು. ಬಿರುಕು ಸಿಕ್ಕರೆ ವೆಲ್ಡಿಂಗ್ ಅಂಗಡಿಗೆ ಓಡಬೇಡಿ. ಬೀಡಿನ ವೆಲ್ಡಿಂಗ್ ಕಷ್ಟ, ಹಂಚಿನಂತೆ ದಿನಾ ಕಾದು ಆರುವ ಜಾಗದಲ್ಲಿ ಅದು ನಿಲ್ಲೋದೂ ಅಪರೂಪ. ಗುಜರಿಗೆ ಹಾಕಿ.

ಎಣ್ಣೆಗಾಯಿ ಕಪ್ಪಾಗಿದ್ದಕ್ಕೆ ಎರಡು ಕಾರಣ. ಬದನೆಕಾಯಿಯ ಒಗರಿನ ಅಂಶ ಕಬ್ಬಿಣದ ಜತೆ ಸೇರಿದರೆ ಕಪ್ಪಾಗುತ್ತೆ. ಹುಣಸೆ ಹುಳಿ ಪೊರೆಯನ್ನು ತಿಂದು ಕಬ್ಬಿಣವನ್ನು ಸಾರಿಗೆ ಬಿಡಿಸುತ್ತೆ. ವಿಷ ಅಲ್ಲ, ರುಚಿ ಮಾತ್ರ ಕೆಡುತ್ತೆ. ಹುಳಿ ಹಾಕಿ ಹೊತ್ತುಗಟ್ಟಲೆ ಬೇಯಿಸುವ ಅಡುಗೆಗೆ ಸ್ಟೀಲ್ ಪಾತ್ರೆ ಇಡಿ. ಪಲ್ಯಕ್ಕೆ ಕೊನೆಯಲ್ಲಿ ನಿಂಬೆಹುಳಿ ಹಿಂಡಬೇಕಾದರೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡು ಹಿಂಡಿ. ಕಬ್ಬಿಣದಲ್ಲಿ ಮಾಡಿದ ಅಡುಗೆಯನ್ನು ಅದರಲ್ಲೇ ರಾತ್ರಿ ತನಕ ಬಿಡಬೇಡಿ.

ಮಗಳ ವಿಷಯದಲ್ಲಿ ನಾನು ಡಾಕ್ಟರ್ ಅಲ್ಲ, ಲೋಹದ ಮಟ್ಟಿಗೆ ಹೇಳುತ್ತೇನೆ. ಬೀಡಿನ ಪಾತ್ರೆಯಿಂದ ಅಡುಗೆಗೆ ಕಬ್ಬಿಣ ಇಳಿಯೋದು ನಿಜ. ಆದರೆ ನೀರು, ಹುಳಿ, ಹೊತ್ತು, ಈ ಮೂರೂ ಇದ್ದಾಗ ಜಾಸ್ತಿ. ಪಳಗಿದ ಹಂಚಿನ ಮೇಲೆ ಎರಡು ನಿಮಿಷ ಬೇಯುವ ದೋಸೆಗೆ ಇಳಿಯೋದು ಕಡಿಮೆ. ಹಂಚು ಚೆನ್ನಾಗಿ ಪಳಗಿದಷ್ಟೂ ಕಬ್ಬಿಣ ಕಡಿಮೆ ಬಿಡುತ್ತೆ, ಎರಡೂ ಲಾಭ ಒಟ್ಟಿಗೆ ಸಿಗೋದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಆಗೋಕೆ ಕಬ್ಬಿಣದ ಕೊರತೆಯೊಂದೇ ಕಾರಣ ಅಲ್ಲ, ಬಿ12 ಕೊರತೆ ಇರಬಹುದು, ಜಂತುಹುಳ ಇರಬಹುದು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿರಬಹುದು. ಪಾತ್ರೆ ತಂದಿದ್ದೇವೆ ಅಂತ ರಕ್ತ ಪರೀಕ್ಷೆ ಮುಂದೂಡಬೇಡಿ, ದಯವಿಟ್ಟು. ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ ಇರುವವರಿಗೆ, ಮೈಯಲ್ಲಿ ಕಬ್ಬಿಣ ಸೇರಿಕೊಳ್ಳುವ ಕಾಯಿಲೆ ಇರುವವರಿಗೆ ಈ ಪಾತ್ರೆ ತೊಂದರೆಯನ್ನೇ ಮಾಡಬಹುದು, ಅಂಥವರು ಡಾಕ್ಟರನ್ನು ಕೇಳಿಯೇ ಬಳಸಬೇಕು.

ಈಗ ನಿಮ್ಮ ಮುಂದೆ ಇರುವ ದಾರಿಗಳು. ನನ್ನ ಮನಸ್ಸಿಗೆ ಸರಿ ಅನಿಸೋದು, ಅತ್ತೆಯವರ ಹಂಚನ್ನು ಒಂದು ಬರ್ನರ್ ಮೇಲೆ ಕಾಯಂ ಕೂರಿಸಿಬಿಡಿ. ದೋಸೆ ಹಂಚನ್ನು ದಿನಾ ಎತ್ತಿ ತೊಳೆಯಬೇಕು ಅಂತೇನಿಲ್ಲ, ಬೆಚ್ಚಗಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದು ಹನಿ ಎಣ್ಣೆ ಸವರಿದರೆ ಸಾಕು. ಎತ್ತಿ ಬಗ್ಗಿಸುವ ಅಡುಗೆಗೆಲ್ಲಾ ನಿಮ್ಮ ಹಗುರ ಸ್ಕಿಲೆಟ್. ಎರಡೇ ಬರ್ನರ್ ಇರುವ ಮನೆಯಲ್ಲಿ ಇದು ಇಕ್ಕಟ್ಟು, ಗೊತ್ತು. ಹಾಗಿದ್ದರೆ ನಾನು ಹೇಳಿದ 4 ಮಿಲಿಮೀಟರ್ ಚಪ್ಪಟೆ ಹಂಚು ಕೊಳ್ಳಿ. ಅದೂ ಭಾರ ಅನಿಸಿದರೆ ತಗಡಿನ ಹಂಚು ಇದೆ, ಸೀಳುವ ಭಯ ಇಲ್ಲ, ರೊಟ್ಟಿಗೆ ಚೆನ್ನಾಗಿದೆ. ಆದರೆ ದೊಡ್ಡ ಉರಿಗೆ ನಡುವೆ ಉಬ್ಬಿ ಕೂರುತ್ತೆ, ಆಮೇಲೆ ಎಣ್ಣೆಯೆಲ್ಲಾ ಅಂಚಿಗೆ ಹರಿಯುತ್ತೆ, ಎರಡನೇ ದೋಸೆಯ ತೊಂದರೆಯೂ ಹಾಗೇ ಉಳಿಯುತ್ತೆ. ನಾನ್‌ಸ್ಟಿಕ್ ಬೇಕು ಅಂದರೆ ನಾನು ಬೇಡ ಅನ್ನೋದಿಲ್ಲ, ಮಣಿಕಟ್ಟಿಗೆ ಅದೇ ಎಲ್ಲಕ್ಕಿಂತ ಹಗುರ. ಖಾಲಿ ಇಟ್ಟು ಕಾಯಿಸಬಾರದು, ಆ ಲೇಪನ 260 ಡಿಗ್ರಿ ದಾಟಿದರೆ ಕೆಡೋಕೆ ಶುರುವಾಗುತ್ತೆ.

ಸ್ಕಿಲೆಟ್ ಹಿಡಿಯುವಾಗ ಉದ್ದ ಹಿಡಿಯ ತುದಿ ಹಿಡಿಯಬೇಡಿ. ಪಾತ್ರೆ, ಒಳಗಿನ ಪಲ್ಯ ಸೇರಿ 2 ಕೆಜಿ ದಾಟುತ್ತೆ, ಅಷ್ಟೂ ಭಾರ ಮಣಿಕಟ್ಟಿನ ಮೇಲೆ ತಿರುಚುತ್ತೆ. ಹಿಡಿಯ ಬುಡದ ಹತ್ತಿರ ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ, ಇನ್ನೊಂದು ಕೈಯಿಂದ ಎದುರು ಅಂಚಿಗೆ ಆಸರೆ ಕೊಡಿ. ಎದುರಿಗೆ ಚಿಕ್ಕ ಕಿವಿ ಇರುವಂಥದ್ದು ಸಿಕ್ಕರೆ ಮುಂದಿನ ಸಲ ಅದನ್ನೇ ತಗೊಳ್ಳಿ.

ಹೊಸ ಹಂಚು ಕೊಳ್ಳೋಕೆ ಅಂಗಡಿಗೆ ಹೋದರೆ ಒಂದು ಸ್ಟೀಲ್ ಸ್ಕೇಲ್ ಜತೆಗಿರಲಿ. ತಳದ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ, ಸಂದು ಕಂಡರೆ ತಳ ಸಮ ಇಲ್ಲ. ಅಂಚಿನ ದಪ್ಪ ಸುತ್ತಲೂ ಒಂದೇ ಇದೆಯಾ ನೋಡಿ, ಒಂದು ಕಡೆ ತೆಳು ಒಂದು ಕಡೆ ದಪ್ಪ ಇದ್ದರೆ ಅಚ್ಚು ಜಾರಿದೆ ಅಂತ ಅರ್ಥ, ಸೀಳೋದು ಅಲ್ಲಿಂದಲೇ. ಬೆರಳಾಡಿಸಿದಾಗ ಸಣ್ಣ ಗುಳಿಗಳು ಸಿಕ್ಕರೆ ಅವು ಗಾಳಿ ಗುಳ್ಳೆಗಳು, ದೋಸೆ ಹಿಡಿಯುವ ಜಾಗಗಳು. ಉಗುರಲ್ಲಿ ಕೆರೆದರೆ ಪೊರೆಯಾಗಿ ಏಳುವ ಮಿರಮಿರ ಕಪ್ಪು ಬಣ್ಣ ಇದ್ದರೆ ಬಿಟ್ಟು ಬನ್ನಿ. ತಟ್ಟಿ ಸದ್ದು ಕೇಳಿ. ಅಂಗಡಿಯವರಿಗೆ ತಕ್ಕಡಿಯಲ್ಲಿ ಇಟ್ಟು ತೋರಿಸೋಕೆ ಹೇಳಿ, ಡಬ್ಬದ ಮೇಲೆ ಬರೆದ ತೂಕದಲ್ಲಿ ಮುಚ್ಚಳ, ಪೆಟ್ಟಿಗೆ ಎಲ್ಲಾ ಸೇರಿರಬಹುದು. ಬಿಲ್ ತಗೊಳ್ಳಿ. ಎರಕದಲ್ಲಿ ಉಳಿದ ದೋಷ ಸಾಮಾನ್ಯವಾಗಿ ಮೊದಲ ಕೆಲವು ವಾರ ಕಾದು ಆರುವಾಗಲೇ ಹೊರಬೀಳುತ್ತೆ, ಬದಲಿಸಿಕೊಡುವ ಅವಧಿ ಎಷ್ಟು ಅಂತ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.